ಹಂಡೆಗೆ ಹಿಟ್ಟು ತಿಕ್ಕಿದ ದಿನ

ಬೈಲಹೊಂಗಲದ ಬಜಾರದಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳ ಪಾರ್ಲರ್ ನಡೆಸಿ, ಮೊಣಕಾಲು ಇನ್ನು ಸಾಕು ಎಂದ ಮೇಲೆ ಬಾಗಿಲು ಹಾಕಿದೆ. ಈಗ ಮನೆಯಲ್ಲಿ ಕೂತಿದ್ದೇನೆ. ಆದರೆ ಸುಮ್ಮನೆ ಕೂರಲು ಬಿಡುವವರು ಯಾರು? ಹೊಸದಾಗಿ ಕೋರ್ಸ್ ಮುಗಿಸಿದ ಹುಡುಗಿಯರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಬರೆದುಕೊಳ್ಳಲು ಮೊಬೈಲ್ ಕೈಗೆ ತೆಗೆದುಕೊಂಡು ಕೇಳುತ್ತಾರೆ: “ಖೈರುನಬಾಯಿ, ಮೈಗೆ ಸ್ಕ್ರಬ್ ಎಷ್ಟ ದಿನಕ್ಕೊಮ್ಮೆ ಮಾಡಬೇಕ್ರಿ?”

ಎಂಟು ದಿನಕ್ಕೊಮ್ಮೆ. ಚರ್ಮ ನಾಜೂಕಾಗಿದ್ದರೆ ಹದಿನೈದು ದಿನಕ್ಕೊಮ್ಮೆ. ಕೈ ಹಗುರ ಇರಬೇಕು, ತೊಳೆದ ಮೇಲೆ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಬೇಕು, ಗಾಯ ಇದ್ದಲ್ಲಿ ಮುಟ್ಟಬಾರದು. ಇಷ್ಟೇ. ಇಷ್ಟು ಹೇಳಿದರೆ ಹುಡುಗಿಯರ ಮುಖ ಸಪ್ಪಗಾಗುತ್ತದೆ. ಮುದುಕಿ ಏನೋ ಗುಟ್ಟು ಮುಚ್ಚಿಡುತ್ತಿದ್ದಾಳೆ ಅನ್ನಿಸುತ್ತದೆ ಅವರಿಗೆ. ಗುಟ್ಟು ಒಂದಿದೆ, ಸುಳ್ಳಲ್ಲ. ಈ ಎರಡು ಸಾಲನ್ನು ಗಿರಾಕಿಯ ಮುಖ ನೋಡಿ ಪ್ರಾಮಾಣಿಕವಾಗಿ ಹೇಳುವುದಕ್ಕೆ ನನಗೆ ಹದಿನೆಂಟು ವರ್ಷ ಬೇಕಾಯಿತು. ಅದಕ್ಕೇ ಬರೆಯಲು ಕೂತೆ. ನನಗಾದ ಸನ್ಮಾನಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಬಂದ ಶಾಲು ಎರಡೇ, ಅದರಲ್ಲಿ ಒಂದನ್ನು ನಮ್ಮ ಬೆಕ್ಕು ಹಾಸಿಕೊಂಡಿದೆ.

ನಾನು ಕೆಲಸ ಕಲಿತದ್ದು ಬೆಳಗಾವಿಯಲ್ಲಿ, ಮಾಲತಿಬಾಯಿಯವರ ಹತ್ತಿರ. ತೆಳ್ಳಗೆ, ಎತ್ತರಕ್ಕೆ ಇದ್ದ ಅವರು ಯಾವಾಗಲೂ ಇಸ್ತ್ರಿ ಮಾಡಿದ ಸೀರೆಯಲ್ಲೇ ಇರುತ್ತಿದ್ದರು. ಮನುಷ್ಯರ ಮೈ ಮುಟ್ಟುವ ಮೊದಲು ನಾವು ಟೊಮೆಟೊ ಮುಟ್ಟಬೇಕು ಅನ್ನುವುದು ಅವರ ಕಾಯಿದೆ. ಚೆನ್ನಾಗಿ ಹಣ್ಣಾದ ಟೊಮೆಟೊಗೆ ಎಣ್ಣೆ, ಪುಡಿ ಸಕ್ಕರೆ ಹಚ್ಚಿ ನೂರು ಸುತ್ತು ತಿಕ್ಕಬೇಕು, ಸಿಪ್ಪೆ ಹರಿಯಬಾರದು. ಸಿಪ್ಪೆ ಹರಿದ ಟೊಮೆಟೊವನ್ನು ತೊಳೆದು ಮಧ್ಯಾಹ್ನದ ಸಾರಿಗೆ ಹಾಕುತ್ತಿದ್ದರು. ಕಲಿಯಲು ಬಂದಿದ್ದ ನಾವು ನಾಲ್ವರು ಮೊದಲ ತಿಂಗಳು ಪೂರ್ತಿ ಸಾರು ಉಂಡೆವು. ನನ್ನಿಂದಾದ ಸಾರೇ ಹೆಚ್ಚು. ಒಂದು ದಿನ ಅನ್ನಕ್ಕೆ ಮಜ್ಜಿಗೆ ಬಿತ್ತು. ನಾವು ಪಾಸಾಗಿದ್ದೇವೆ ಅಂತ ಅದರಿಂದಲೇ ಗೊತ್ತಾಯಿತು.

“ತಿಕ್ಕೂದು ಯಾರಿಗೂ ಬರತೈತಿ,” ಅನ್ನುತ್ತಿದ್ದರು ಮಾಲತಿಬಾಯಿ. “ಬಿಡೂದು ಬರಬೇಕು ನೋಡ್ರಿ.”

ಚರ್ಮ ತನ್ನ ಹಳೆಯ ಪದರವನ್ನು ತಾನೇ ಕಳಚುತ್ತದೆ, ನಾವು ಮಾಡುವುದು ಸ್ವಲ್ಪ ಕೈ ಜೋಡಿಸುವ ಕೆಲಸ ಅಷ್ಟೇ ಅಂತ ಅವರು ತಿಳಿಸಿ ಹೇಳುತ್ತಿದ್ದರು. ಹೊಸ ಪದರ ಕೂಡುವ ಮೊದಲೇ ಮತ್ತೆ ತಿಕ್ಕಿದರೆ, ಬಿತ್ತಿದ ಶೇಂಗಾ ಮೊಳಕೆ ಒಡೆಯಿತೇನು ಅಂತ ದಿನಾಲೂ ಕೆದರಿ ನೋಡಿದ ಹಾಗೆ. ಈ ಮಾತು ನನಗೆ ಬಾಯಿಪಾಠ ಆಗಿತ್ತು. ಬಾಯಿಪಾಠ ಆದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬಹಳ ದಿನ ಉಳಿಯಲಿಲ್ಲ.

ಬೈಲಹೊಂಗಲದಲ್ಲಿ ಅಂಗಡಿ ತೆರೆದ ಹೊಸತರಲ್ಲಿ ನನ್ನ ಹಗುರ ಕೈಯನ್ನು ಯಾರೂ ಮೆಚ್ಚಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತಿಕ್ಕಿಸಿಕೊಂಡದ್ದು ಗೊತ್ತಾಗಬೇಕು. ನಾನು ಪ್ರತಿಯೊಬ್ಬರಿಗೂ ಬೆಳಗಾವಿಯ ಟೊಮೆಟೊ ಕಥೆ ಹೇಳುತ್ತಿದ್ದೆ. ಒಬ್ಬ ಗೌಡತಿ ಸಿಟ್ಟಿಗೆದ್ದು, “ಗಟ್ಟಿ ತಿಕ್ಕರಿ ಬಾಯಾರ, ಹೊಲದಾಗ ದುಡಿಯೂ ಮೈ ಇದು. ನಿಮ್ಮ ಬೆಳಗಾವಿ ಟಮಾಟಿ ಅಲ್ಲ!” ಎಂದಳು.

ಆಕೆಗೆ ಕಡಲೆಹಿಟ್ಟು, ಹಾಲು, ನಾಲ್ಕು ಹನಿ ಎಣ್ಣೆ ಕಲಸಿ ಹಚ್ಚಿದ್ದೆ. ಹಿಟ್ಟು ಅರ್ಧ ಒಣಗಿದ ಮೇಲೆ ತಿಕ್ಕಿದರೆ ಏನಾಗುತ್ತದೆ ಎಂದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಸಣ್ಣ ಶಾವಿಗೆಯಂಥ ಎಳೆಗಳಾಗಿ ಸುರುಳಿ ಸುತ್ತಿ ಉದುರುತ್ತದೆ. ಗೌಡತಿ ತನ್ನ ತೋಳಿನಿಂದ ಉದುರಿದ ಎಳೆಗಳನ್ನು ನೋಡಿ ಕಣ್ಣರಳಿಸಿದಳು.

“ಅಯ್ಯ ಶಿವನ! ಇಷ್ಟ ಹೊಲಸ ಇತ್ತೇನ ನನ್ನ ಮೈಯಾಗ?”

ಅದು ಹಿಟ್ರಿ ಅನ್ನಲು ನಾನು ಬಾಯಿ ತೆರೆದೆ. ಆಕೆಯ ಮುಖದಲ್ಲಿ ಅದೆಂಥ ಸಂತೋಷ ಇತ್ತು ಅಂತೀರಿ! ಇಷ್ಟು ದಿನ ಹೊತ್ತು ತಿರುಗಿದ ಭಾರ ಇಳಿದವಳ ಹಾಗೆ ಕಾಣುತ್ತಿದ್ದಳು. ತೆರೆದ ಬಾಯಿಂದ ಬೇರೆ ಮಾತೇ ಹೊರಬಿತ್ತು. “ಹೂಂ ರೀ, ನಮ್ಮ ಊರ ಧೂಳ ಭಾಳ,” ಎಂದೆ.

ವೃತ್ತಿಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅದರ ಬೆನ್ನಿಗೇ ಗಿರಾಕಿಗಳು ಸಾಲುಗಟ್ಟಿ ಬಂದರು. ಖೈರುನಬಾಯಿ ತಿಕ್ಕಿದರೆ ಹೊಲಸು ಕಣ್ಣಿಗೆ ಕಾಣುವ ಹಾಗೆ ಬರುತ್ತದೆ ಅಂತ ಬಜಾರದ ತುಂಬ ಮಾತಾಯಿತು. ನಾನೂ ಉತ್ಸಾಹಕ್ಕೆ ಬಿದ್ದು, ಎಳೆಗಳು ಎದ್ದು ಕಾಣಲಿ ಅಂತ ಒಂದು ಕರೀ ತಾಟು ತಂದೆ. ಕೆಲಸ ಮುಗಿದ ಮೇಲೆ ತಾಟನ್ನು ಗಿರಾಕಿಯ ಮುಂದೆ ಹಿಡಿಯುತ್ತಿದ್ದೆ, ಸೂಲಗಿತ್ತಿ ಕೂಸನ್ನು ತೋರಿಸುವ ಹಾಗೆ. ಹದಿನೈದು ದಿನಕ್ಕೊಮ್ಮೆ ಬರಬೇಕಾದವರು ವಾರಕ್ಕೆ ಎರಡು ಸಲ ಬರತೊಡಗಿದರು. ಪ್ರತಿ ಸಲವೂ ಹೊಲಸು ಬರುತ್ತಿತ್ತಲ್ಲ, ಬರದೆ ಏನು ಮಾಡುತ್ತಾರೆ?

ನಡುವೆ ಸಕ್ಕರೆಯ ಕಾಲ ಬಂತು. ಟಿವಿಯಲ್ಲಿ ಯಾರೋ ಸಕ್ಕರೆಯಿಂದ ಮೈ ತಿಕ್ಕಿದ್ದನ್ನು ಎಲ್ಲರೂ ನೋಡಿದ್ದರು. ಎಂ.ಕೆ. ಹುಬ್ಬಳ್ಳಿಯಿಂದ ಬರುತ್ತಿದ್ದ ಗಿರಾಕಿಯೊಬ್ಬಳ ಗಂಡ ಸಕ್ಕರೆ ಕಾರ್ಖಾನೆಯಲ್ಲಿದ್ದ. ಆಕೆ ಚೀಲದಲ್ಲೇ ಸಕ್ಕರೆ ತಂದು, “ನಮ್ಮ ಮನ್ಯಾಗ ಸಕ್ಕರಿಗೇನ ಬರ ಇಲ್ರಿ, ಕೈ ಬಿಚ್ಚಿ ಹಚ್ಚರಿ,” ಎಂದಳು. ದಪ್ಪ ಹರಳು. ಕುಟ್ಟಿ ಪುಡಿ ಮಾಡಬೇಕು ಅನ್ನುವುದನ್ನು ಮರೆತು ಜೇನುತುಪ್ಪ ಬೇರೆ ಕಲಸಿ ಹಚ್ಚಿದೆ. ಆಮೇಲೆ ತೊಳೆಯಲು ಹೋದರೆ ಬ್ಯಾರಲ್‌ನಲ್ಲಿ ನೀರಿಲ್ಲ. ನಳ ಬರುವ ಸರದಿ ಮರುದಿನ. ಇದ್ದ ಎರಡು ಚೊಂಬು ನೀರಲ್ಲಿ ಕೈಕಾಲು ಒರೆಸಿ, ಮೇಲೆ ಸೀರೆ ಉಡಿಸಿ ಬಸ್ ಹತ್ತಿಸಿದೆ.

ಸಕ್ಕರೆ ಇದ್ದಲ್ಲಿ ಇರುವೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಾಗಲೇ ಅವು ಟಿಕೆಟ್ ಇಲ್ಲದೆ ಹತ್ತಿಕೊಂಡಿದ್ದವು. ಸಂಜೆ ಆಕೆಯ ಫೋನ್ ಬಂತು. “ಬಾಯಾರ, ಕಿತ್ತೂರ ಬರೂದ್ರಾಗ ಕುಂತಲ್ಲೆ ಕುಣಿಯಾಕ ಹತ್ತಿದೆ. ಕಂಡಕ್ಟರ ಕೈ ಮುಗದು ಕೇಳಿದಾ, ಅಕ್ಕಾರ, ಮೈಮ್ಯಾಲೆ ಯಾವ ದೇವರ ಬಂದೈತ್ರಿ ಅಂತ!” ತಿಕ್ಕುವ ಮೊದಲು ನೀರು ನೋಡಿಕೊಳ್ಳಿ. ಹುಡುಗಿಯರೇ, ಇದನ್ನು ಬೇಕಾದರೆ ಮೊಬೈಲ್‌ನಲ್ಲಿ ಬರೆದುಕೊಳ್ಳಿ.

ಆ ತಪ್ಪಿಗೆ ನಗಬಹುದು. ಕಸ್ತೂರಿಯ ವಿಷಯದಲ್ಲಿ ಮಾಡಿದ್ದಕ್ಕೆ ನನಗೆ ಈಗಲೂ ಪೂರ್ತಿ ನಗು ಬರುವುದಿಲ್ಲ.

ಕಸ್ತೂರಿ ಹತ್ತಿರದ ಚಚಡಿ ಊರಿನ ಹುಡುಗಿ. ಹಳೇ ವಾಡೆಯ ಹಿಂದಿನ ಓಣಿಯಲ್ಲಿ ಅವರ ಮನೆ. ತಾಯಿ ಇಲ್ಲದ ಅವಳನ್ನು ಅಜ್ಜಿ ನೀಲವ್ವ ಮತ್ತು ಸೋದರತ್ತೆ ಶಾಂತವ್ವ ಬೆಳೆಸಿದ್ದರು. ಬೈಲಹೊಂಗಲದಲ್ಲಿ ಬಿ.ಎಡ್. ಓದುತ್ತಿದ್ದಳು. ಎಣ್ಣೆಗಪ್ಪು ಬಣ್ಣ, ಲಕ್ಷಣವಾದ ಮುಖ, ಮಾತು ಕಡಿಮೆ. ನೋಡಲು ಬಂದ ಎರಡು ಕಡೆಯವರು ಅವಲಕ್ಕಿ ತಿಂದು, ಚಹಾ ಕುಡಿದು, ಬಣ್ಣ ಒಂದು ಸ್ವಲ್ಪ ಹೆಚ್ಚಾಯಿತು ಅಂತ ಹೇಳಿ ಕಳಿಸಿದ್ದರು. ಎರಡನೆಯವರು ಹಾಗೆ ಹೇಳಿ ಕಳಿಸಿದ ವಾರವೇ ಶಾಂತವ್ವ ಅವಳನ್ನು ಎಳೆದುಕೊಂಡು ನನ್ನ ಅಂಗಡಿಗೆ ಬಂದಳು.

ನಾನು ತಿಕ್ಕಿದೆ, ಎಳೆಗಳು ಉದುರಿದವು. ಶಾಂತವ್ವ ಕರೀ ತಾಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಇದ ನೋಡ್ರಿ ಮತ್ತ! ನಮ್ಮ ಹುಡುಗಿ ಕರ್ರಗಿಲ್ಲ, ಹೊಲಸ ಕುಂತೈತಿ ಅಂತ ನಾ ಬಡಕೊಂಡೆ. ಇದೆಲ್ಲಾ ಹೋದ ಮ್ಯಾಲೆ ಒಳಗಿಂದ ಬೆಳ್ಳಗ ಬರತಾಳ.”

ಅದು ಹಿಟ್ಟು ಅನ್ನದೆ ನಾನು ಕೈ ತೊಳೆದುಕೊಳ್ಳುತ್ತ ನಿಂತೆ. ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕು ಅಂತ ಮಾತ್ರ ಹೇಳಿದೆ. ಶಾಂತವ್ವ ನಾಲ್ಕು ದಿನಕ್ಕೊಮ್ಮೆ ಕರೆತಂದಳು. ಕಸ್ತೂರಿ ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದಳು, ತಾಟು ತೋರಿಸುವಾಗ ಗೋಡೆಯ ಕಡೆ ತಿರುಗುತ್ತಿದ್ದಳು. ನನಗೆ ಆದದ್ದು ಇಷ್ಟೇ: ಆದಷ್ಟು ಹಗುರವಾಗಿ ತಿಕ್ಕಿ, ಬಹಳ ಎಣ್ಣೆ ಹಚ್ಚಿ ಕಳಿಸುತ್ತಿದ್ದೆ. ಹಾಗೇ ಎರಡು ವರ್ಷ ಕಳೆಯಿತು.

ಕಡೆಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. ಅವನು ಹುಡುಗಿಯ ಹತ್ತಿರ ಅರ್ಧ ತಾಸು ಮಾತಾಡಿ ಒಪ್ಪಿಕೊಂಡು ಹೋದ. ಶಾಂತವ್ವ ಪೇಢೆ ತಂದು ನನ್ನ ಬಾಯಿಗೆ ತುರುಕಿದಳು. “ಅರ್ಧ ಹೊಲಸ ಹೋಗೂದ್ರಾಗ ವರ ಸಿಕ್ತ ನೋಡ್ರಿ ಬಾಯಾರ!”

ಮದುವೆಗೆ ನಾಲ್ಕು ದಿನ ಇರುವಾಗ ಕೊನೆಯ ಸಲ ತಿಕ್ಕಿದೆ. ಇನ್ನು ಯಾರೂ ಮೈ ಮುಟ್ಟಬಾರದು, ಸಾಬೂನು ಕೂಡ ಹಗುರ ಇರಲಿ ಅಂತ ಎರಡೆರಡು ಸಲ ಹೇಳಿದೆ. ಶಾಂತವ್ವ ಹೂಂ ಅಂದಳು. ಆಕೆ ಅಷ್ಟು ಬೇಗ ಹೂಂ ಅಂದಾಗಲೇ ನನಗೆ ಸಂಶಯ ಬರಬೇಕಿತ್ತು.

ಮದುವೆಯ ಹಿಂದಿನ ದಿನ ಕಸ್ತೂರಿಯ ಕೈಗೆ ಮೆಹಂದಿ ಹಚ್ಚಲು ಹತ್ತು ಗಂಟೆಗೆ ಚಚಡಿಗೆ ಹೋದೆ. ಹಿತ್ತಲಲ್ಲಿ ಹೆಂಗಸರ ಗದ್ದಲ. ಹೋಗಿ ನೋಡಿದರೆ ಮಣೆಯ ಮೇಲೆ ಕಸ್ತೂರಿ, ಸುತ್ತ ಐದು ಮಂದಿ ಮುತ್ತೈದೆಯರು, ನಡುವೆ ಪರಾತದ ತುಂಬ ಕಲಸಿದ ಕಡಲೆಹಿಟ್ಟು. ಮದುಮಗಳಿಗೆ ಐದು ಮುತ್ತೈದೆಯರು ಅರಿಷಿಣ ಹಚ್ಚುವುದು ಶಾಸ್ತ್ರ. ಅರಿಷಿಣ ಚೆನ್ನಾಗಿ ಹತ್ತಬೇಕಾದರೆ ಮೊದಲು ಹೊಲಸು ಪೂರ್ತಿ ಹೋಗಬೇಕು ಅಂತ ಶಾಂತವ್ವ ತೀರ್ಮಾನಿಸಿದ್ದಳು. ಒಬ್ಬಳ ಕೈ ಸೋತರೆ ಇನ್ನೊಬ್ಬಳು. ಶಾಂತವ್ವನ ಕೈಯಲ್ಲಿ ಒಂದು ಕರೀ ತಾಟು. ನನ್ನದನ್ನು ನೋಡಿ ಅಂಥದೇ ಕೊಂಡು ತಂದಿದ್ದಳು.

“ಛಲೋ ಹೊತ್ತಿಗೆ ಬಂದ್ರಿ ಬಾಯಾರ. ಮುಂಜಾನಿಂದ ತಿಕ್ಕಾಕ ಹತ್ತೇವಿ, ಹೊಲಸ ಮುಗೀವಲ್ದು! ತೆಗದಷ್ಟೂ ಬರಾಕ ಹತ್ತೈತಿ.”

ಕಸ್ತೂರಿಯ ಬೆನ್ನು, ತೋಳು ಕೆಂಪಾಗಿ ಉರಿಯುತ್ತಿದ್ದವು. ಮೊಣಕೈಯ ಹತ್ತಿರ ಸಿಪ್ಪೆ ಹರಿದು ರಕ್ತ ಹನಿಸಿತ್ತು. ತುಟಿ ಕಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟಲ ತುಂಬ ಅರಿಷಿಣ ಕಾದಿತ್ತು. ಆ ಹರಿದ ಚರ್ಮಕ್ಕೆ ಅದು ಬಿದ್ದರೆ ಹುಡುಗಿ ನಾಳೆ ಮಂಟಪದಲ್ಲಿ ಕೂರುವ ಮಾತೇ ಇಲ್ಲ.

“ಸಾಕ್ ಮಾಡ್ರಿ!” ಎಂದು ಚೀರಿದೆ.

“ಹೊಲಸ ನಿಂತ ಮ್ಯಾಲೆ ಸಾಕ್ ಮಾಡತೇವಿ,” ಎಂದಳು ಶಾಂತವ್ವ.

“ಅದು ನಿಲ್ಲಾಂಗಿಲ್ರಿ.”

“ಯಾಕ ನಿಲ್ಲಾಂಗಿಲ್ಲ?”

ಐದು ಮಂದಿಯ ಕೈ ನಿಂತಿತು, ಎಲ್ಲರೂ ನನ್ನನ್ನೇ ನೋಡಿದರು. ಅವರಲ್ಲಿ ಮೂವರು ನನ್ನ ಗಿರಾಕಿಗಳು. ನಿಜ ಹೇಳಿದರೆ ಹದಿನೆಂಟು ವರ್ಷದ ಹೆಸರು ಇದೇ ಹಿತ್ತಲಲ್ಲಿ ಹೋಗುತ್ತದೆ. ಹೇಳದಿದ್ದರೆ ಹುಡುಗಿಯ ಚರ್ಮ ಹೋಗುತ್ತದೆ. ನನಗೆ ಮಾಲತಿಬಾಯಿಯ ಸಾರು ನೆನಪಾಯಿತು.

“ಅದು ಹೊಲಸಲ್ರಿ. ಹಿಟ್ಟು.”

ಯಾರೂ ನಂಬಲಿಲ್ಲ. ಶಾಂತವ್ವ ಸೊಂಟದ ಮೇಲೆ ಕೈ ಇಟ್ಟಳು. “ಹಿಟ್ಟಂತ ಹಿಟ್ಟು! ಎರಡ ವರ್ಷ ನೀವ ತಾಟ ಹಿಡದು ಹೊಲಸ ಅಂತ ತೋರಿಸಿಲ್ಲೇನು? ಈಗ ಬ್ಯಾರೆದವರು ತಿಕ್ಕಿದ ಕೂಡಲೆ ಹಿಟ್ಟಾತೇನು?”

ಮಾತಿನಿಂದ ಆಗುವ ಕೆಲಸ ಅಲ್ಲ ಅನ್ನಿಸಿತು. ಹಿತ್ತಲ ಮೂಲೆಯಲ್ಲಿ ಸ್ನಾನದ ತಾಮ್ರದ ಹಂಡೆ ಇತ್ತು. ಮದುವೆ ಮನೆ ಅಂತ ಹುಣಸೆಹಣ್ಣು ಹಚ್ಚಿ ಬೆಳಗಿದ್ದರು, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಪರಾತದಿಂದ ಒಂದು ಹಿಡಿ ಹಿಟ್ಟು ತೆಗೆದು ಹಂಡೆಯ ಹೊಟ್ಟೆಗೆ ಬಳಿದೆ. ಬಿಸಿಲಿಗೆ ಹಂಡೆ ಕಾದಿತ್ತು, ಹಿಟ್ಟು ಗಳಿಗೆಯಲ್ಲಿ ಅರ್ಧ ಒಣಗಿತು. ಶಾಂತವ್ವನ ಕೈಯಿಂದ ತಾಟು ಕಸಿದು ಕೆಳಗೆ ಹಿಡಿದು, ತಿಕ್ಕಿದೆ. ಎಳೆ ಎಳೆಯಾಗಿ ಉದುರಿದವು. ಮತ್ತೆ ಬಳಿದೆ, ಮತ್ತೆ ತಿಕ್ಕಿದೆ, ಮತ್ತೆ ಉದುರಿದವು. ತಾಟನ್ನು ಐವರ ಮುಂದೂ ಹಿಡಿದೆ.

“ಈಗ ಹೇಳ್ರಿ. ಹಂಡೇಕೂ ಇಷ್ಟ ಹೊಲಸ ಐತೇನ್ರಿ?”

ಆಗ ಪಡಸಾಲೆಯ ಕಡೆಯಿಂದ ಕಿಕ್ಕಿಕ್ಕಿ ಅಂತ ಸದ್ದು ಬಂತು. ಅಜ್ಜಿ ನೀಲವ್ವ ಹೊರಸಿನ ಮೇಲೆ ಎದ್ದು ಕೂತು ಬೊಚ್ಚು ಬಾಯಿಂದ ನಗುತ್ತಿದ್ದಳು. “ಹಂಡೇನೂ ಲಗ್ನಕ್ಕ ತಯಾರ ಆತ ಬಿಡ್ರೆವ್ವಾ! ವರಾ ಯಾರ, ಅದನ್ನರೆ ನೋಡ್ರಿ!”

ಹೆಂಗಸರು ಒಬ್ಬೊಬ್ಬರಾಗಿ ನಗತೊಡಗಿದರು. ಶಾಂತವ್ವ ನಗಲಿಲ್ಲ. ಕಸ್ತೂರಿಯೂ ನಗಲಿಲ್ಲ. ಅವಳು ನನ್ನ ಕಡೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ತಾನಾಗಿ ಒಂದು ಪ್ರಶ್ನೆ ಕೇಳಿದಳು.

“ಅಂದ್ರ ಬಾಯಾರ, ನನ್ನ ಮೈಯಾಗ ಹೊಲಸ ಇರಲಿಲ್ಲ?”

“ಇರಲಿಲ್ಲವ್ವಾ.”

“ಒಂದ ದಿನಾನೂ?”

“ಒಂದ ದಿನಾನೂ ಇರಲಿಲ್ಲ. ಇದ್ದದ್ದು ನಿನ್ನ ಬಣ್ಣ. ತಿಕ್ಕಿ ತೆಗಿಯೂದಲ್ಲ ಅದು.”

ಅವಳು ತನ್ನ ಕೈ ನೋಡಿಕೊಂಡಳು. “ಇದನ್ನ ಎರಡ ವರ್ಷದ ಹಿಂದ ಹೇಳಬೇಕಿತ್ರಿ,” ಎಂದಳು.

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಾಲೆಯಲ್ಲಿ ತಪ್ಪು ಲೆಕ್ಕ ತಿದ್ದುವ ಹಾಗೆ ಮೆತ್ತಗೆ ಹೇಳಿದಳು. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಒಂದು ಹೆಣ್ಣಿನ ಬಣ್ಣವನ್ನು ಎರಡು ವರ್ಷ ಕರೀ ತಾಟಿನಲ್ಲಿ ಹಿಡಿದು ಹೊಲಸು ಅಂತ ತೋರಿಸಿದವಳು ನಾನು. ಬಂದು ನೋಡಿ ಬೇಡ ಅಂದು ಹೋದವರಾದರೂ ಬರೀ ಬಣ್ಣ ಹೆಚ್ಚು ಅಂದಿದ್ದರು.

ಮುಂದಿನ ಕೆಲಸ ಬೇಗ ಬೇಗ ಆಯಿತು. ಹಿಟ್ಟನ್ನು ತಣ್ಣೀರಿನಿಂದ ತೊಳೆದೆ, ಒದ್ದೆ ಬಟ್ಟೆ ಹೊದಿಸಿ ಕೂರಿಸಿದೆ, ಉರಿ ಇಳಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅರಿಷಿಣ ಹಚ್ಚದಿದ್ದರೆ ಶಾಸ್ತ್ರ ತಪ್ಪುತ್ತದೆ ಅಂತ ಮುತ್ತೈದೆಯರು ಗುಸುಗುಸು ಶುರು ಮಾಡಿದರು. ನೀಲವ್ವ ಅದನ್ನೂ ಮುಗಿಸಿದಳು. “ಕಾಲ ಹೆಬ್ಬೆರಳಿಗೆ ಹಚ್ಚರಿ, ಸಾಕು. ಉಳಿದದ್ದ ಹಂಡೇಕ ಬಳೀರಿ.”

ಮರುದಿನ ಕಸ್ತೂರಿ ಕೆಂಪಗೆ ಹೊಳೆಯುತ್ತ ಮಂಟಪದಲ್ಲಿ ಕೂತಳು. ಫೋಟೊದವನು ಇಂಥ ಗ್ಲೋ ನೋಡೇ ಇಲ್ಲ ಅಂದ. ಮಾಸ್ತರ ವರ ಮಾತ್ರ ಗಾಬರಿಯಾಗಿ ಪಿಸುಗುಟ್ಟಿದ, “ಜ್ವರ ಬಂದಾವೇನು?” ಅವಳು, “ಇಲ್ರಿ, ಐದ ಮಂದಿ ಕೂಡಿ ತಿಕ್ಯಾರ,” ಎಂದಳು. ಅವನು ಎಷ್ಟು ನಕ್ಕನೆಂದರೆ ಅಕ್ಷತೆ ಹಾಕಲು ಬಂದವರು ನಿಂತು ಕಾಯಬೇಕಾಯಿತು. ಹುಡುಗ ಒಳ್ಳೆಯವನು ಅಂತ ನನಗೆ ಆಗಲೇ ಸಮಾಧಾನ ಆಯಿತು.

ಸುದ್ದಿ ನನಗಿಂತ ಮೊದಲೇ ಬೈಲಹೊಂಗಲ ಮುಟ್ಟಿತ್ತು. ನನಗೆ ಹಂಡೆಬಾಯಿ ಅಂತ ಹೆಸರು ಬಿತ್ತು. ಮನೆ ಮನೆಯಲ್ಲಿ ಹೆಣ್ಣುಮಕ್ಕಳು ತಾಟಿಗೆ, ಕೊಡಕ್ಕೆ, ಬಾಗಿಲ ಚೌಕಟ್ಟಿಗೆ ಹಿಟ್ಟು ತಿಕ್ಕಿ ನೋಡಿದರು. ಊರಿನ ಪಾತ್ರೆಗಳು ಅಷ್ಟು ಸ್ವಚ್ಛ ಎಂದೂ ಇರಲಿಲ್ಲ. ಗೌಡತಿ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತು ಬೈದು ಹೋದಳು, ಬೈಯುವುದಕ್ಕೆ ಅವಳಿಗೆ ಹಕ್ಕಿತ್ತು. ಮೂರ್ನಾಲ್ಕು ತಿಂಗಳು ನಾನು ನೊಣ ಹೊಡೆಯುತ್ತ ಕೂತೆ. ಕರೀ ತಾಟು ಬೆಕ್ಕಿನ ಹಾಲಿಗೆ ಹೋಯಿತು.

ಆಮೇಲೆ ಒಬ್ಬೊಬ್ಬರೇ ತಿರುಗಿ ಬಂದರು. ಯಾಕೆ ಬಂದಿರಿ ಅಂತ ಕೇಳಿದ್ದಕ್ಕೆ ಗೌಡತಿಯೇ ಹೇಳಿದಳು: “ನೀವ ಬರಬ್ಯಾಡಾ ಅಂದ್ರ ಈಗ ನಂಬಬಹುದು ನೋಡ್ರಿ.” ಅಲ್ಲಿಂದ ಮುಂದೆ ಎಂಟು ದಿನದ ಒಳಗೆ ಬಂದವರನ್ನು ಚಹಾ ಕುಡಿಸಿ ವಾಪಸ್ ಕಳಿಸಿದೆ.

ಈಗ ತಿಕ್ಕುವ ಕಷ್ಟವೂ ಇಲ್ಲ. ಹಚ್ಚಿ ಬಿಟ್ಟರೆ ಹಳೇ ಪದರ ತಾನೇ ಬಿಡಿಸುವ ಲೋಷನ್‌ಗಳು ಬಂದಿವೆ. ಸವದತ್ತಿಯಲ್ಲಿ ಪಾರ್ಲರ್ ಹಾಕಿರುವ ಹುಡುಗಿ ಮೊನ್ನೆ ಫೋನ್ ಮಾಡಿದಳು. ಗಿರಾಕಿಯೊಬ್ಬಳು ಮುಂಜಾನೆ ಲೋಷನ್, ಸಂಜೆ ಸ್ಕ್ರಬ್ ಮಾಡಿ ಮೈ ಉರಿ ಅಂತ ಬಂದಿದ್ದಾಳಂತೆ. ಎರಡನ್ನೂ ಬಿಡಿಸು, ಚರ್ಮ ತಣ್ಣಗಾದ ಮೇಲೆ ಒಂದನ್ನೇ ಹಿಡಿ, ಅದೂ ಎಂಟು ದಿನಕ್ಕೊಮ್ಮೆ ಅಂದೆ. ಉರಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಕಳಿಸು ಅಂದೆ. ಬಾಟಲಿ ಬದಲಾದರೂ ಟೊಮೆಟೊ ಅದೇ.

ಅಂಗಡಿಯ ಕೊನೆಯ ದಿನ ಸಾಮಾನು ಕಟ್ಟುತ್ತಿದ್ದೆ. ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಈಗ ಅವಳೂ ರಾಮದುರ್ಗದಲ್ಲಿ ಟೀಚರ್. ಮುಖದಲ್ಲಿ ಅದೇ ಎಣ್ಣೆಗಪ್ಪು, ಆದರೆ ಮಾತು ಮಾತ್ರ ಈಗ ಹತ್ತು ಪಟ್ಟು. ಸುದ್ದಿ ಕೇಳಿ ರಜೆ ಹಾಕಿ ಬಂದೆ ಅಂದಳು. ಅತ್ತೆ ಶಾಂತವ್ವ ಈಗಲೂ ಹಂಡೆ ನೋಡಿದರೆ ಮುಖ ತಿರುಗಿಸುತ್ತಾಳೆ ಅಂತಲೂ ಹೇಳಿದಳು. ಆಮೇಲೆ ನನ್ನ ಕೈಯಿಂದ ಹಗ್ಗ ಕಸಿದುಕೊಂಡು ಗಿರಾಕಿಯ ಕುರ್ಚಿ ತೋರಿಸಿದಳು.

“ಕುಂಡರ್ರಿ ಬಾಯಾರ. ಮೂವತ್ತ ವರ್ಷದಾಗ ನಿಮ್ಮ ಮೈ ಯಾರರೆ ತಿಕ್ಯಾರೇನ್ರಿ?”

ಯೋಚಿಸಿದೆ. ಯಾರೂ ಇಲ್ಲ. ಊರಿನ ಮೈಯೆಲ್ಲ ಮುಟ್ಟಿದ ನನ್ನ ಕೈ ಮಾತ್ರ ಮರಗಟ್ಟಿ ಒರಟಾಗಿತ್ತು. ಅವಳು ಪರ್ಸಿನಿಂದ ಪೊಟ್ಟಣ ತೆಗೆದಳು. ಕಡಲೆಹಿಟ್ಟು. ಎದುರಿನ ಚಹಾದಂಗಡಿಯಿಂದ ಹಾಲು ತರಿಸಿ ಕಲಸಿ, ನನ್ನ ಮುಂಗೈಗೆ ಹಚ್ಚಿ, ಅರ್ಧ ಒಣಗುವವರೆಗೆ ಕಾದು, ತಿಕ್ಕಿದಳು. ಅಷ್ಟು ಹಗುರ ಕೈಯನ್ನು ಮಾಲತಿಬಾಯಿಯ ನಂತರ ನಾನು ಕಂಡಿರಲಿಲ್ಲ. ಎಳೆಗಳು ನನ್ನ ಮಡಿಲಿಗೆ ಉದುರಿದವು. ಅವಳು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ಅಯ್ಯ ಶಿವನ! ಎಷ್ಟ ಹೊಲಸ ಬಂತ್ರಿ ಬಾಯಾರ!”

ಪಕ್ಕದ ಬಟ್ಟೆ ಅಂಗಡಿಯವರು ಇಣುಕಿ ನೋಡುವ ಹಾಗೆ ಇಬ್ಬರೂ ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಹನ್ನೆರಡು ವರ್ಷದಿಂದ ಹೇಳಬೇಕೆಂದಿದ್ದ ಮಾತನ್ನು ಆಗ ಹೇಳಿದೆ. “ತಪ್ಪಾತವ್ವಾ ಕಸ್ತೂರಿ.”

ಅವಳು ಒದ್ದೆ ಬಟ್ಟೆಯಿಂದ ನನ್ನ ಕೈ ಒರೆಸಿದಳು, ಎಣ್ಣೆ ಹಚ್ಚಿದಳು, ಸೆರಗು ಎಳೆದು ಮುಚ್ಚಿದಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಬೆರಳೆತ್ತಿ ಹೇಳಿದಳು.

“ಆತ್ರಿ, ಎಲ್ಲಾ ಹೋತು. ಇನ್ನ ಹದಿನೈದ ದಿನ ಅದನ್ನ ಮುಟ್ಟಬ್ಯಾಡ್ರಿ.”

ಹೂಂ ಅಂದೆ. ಮುಟ್ಟಲಿಲ್ಲ.